ಮುಂದಿನ ಗಾಲಿಯ ಲೆಕ್ಕ

ಸೊಲ್ಲಾಪುರದ ಇತಿಹಾಸ ಬರೆಯುವವರು ಶರಣ ಸಿದ್ಧರಾಮ ಕಟ್ಟಿಸಿದ ಕೆರೆಯಿಂದ ಹೊರಟು 1877ರ ಬಟ್ಟೆ ಗಿರಣಿಗೆ ಬರುತ್ತಾರೆ, ಅಲ್ಲಿಂದ ಚಾದರ ನೇಯುವ ಮಗ್ಗಗಳಿಗೆ, ಬೀಡಿ ಕಟ್ಟುವ ಕೈಗಳಿಗೆ ಹೋಗುತ್ತಾರೆ. ಅಕ್ಕಲಕೋಟವೆಂದರೆ ಸ್ವಾಮಿ ಸಮರ್ಥರ ಮಠ, ಭೋಸಲೆ ಸಂಸ್ಥಾನ, ತಾಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದ 1967ರ ಮಹಾಜನ ವರದಿ. ಇವೆಲ್ಲ ಇರಬೇಕಾದವೇ. ಆದರೆ ಮೈಂದರ್ಗಿ, ದುಧನಿ, ನಾಗಣಸೂರ, ತೋಳನೂರಿನಂಥ ಕನ್ನಡ ಮಾತಾಡುವ ಊರುಗಳ ಕಳೆದ ಐವತ್ತು ವರ್ಷದ ದಿನನಿತ್ಯದ ಬದುಕನ್ನು ಬದಲಿಸಿದ ಒಂದು ವಿದ್ಯೆ ಈ ಪುಸ್ತಕಗಳಲ್ಲಿ ಕಾಣುವುದಿಲ್ಲ. ಅದು ಮೊಪೆಡ್ ಹೊಡೆಯುವ ವಿದ್ಯೆ. ಅದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಆದರೂ ತಿರುವಿನಲ್ಲಿ ಗಾಡಿ ಜಾರದಂತೆ ಹಿಡಿಯುವುದರಿಂದ ಹಿಡಿದು ಮುಂದಿನ ಗಾಲಿ ಎತ್ತುವ ಸಾಹಸದವರೆಗೆ ಅದಕ್ಕೊಂದು ಕ್ರಮವಿದೆ, ಪರಂಪರೆಯಿದೆ. ಎತ್ತಿನ ಬಂಡಿ, ಬಾಡಿಗೆ ಸೈಕಲ್ಲು, ಗರಸಿನ ರಸ್ತೆ ಈ ಮೂರೂ ಸೇರಿ ಕಲಿಸಿದ ಕಸುಬು ಅದು. ಮುಂದಿನ ಗಾಲಿ ಎತ್ತುವ ವ್ಹೀಲಿಯೂ ಆ ಕಸುಬಿನದೇ ಒಂದು ಅಂಚು. ಕಸುಬನ್ನು ಮರೆತು ಅಂಚನ್ನಷ್ಟೇ ಬೈಯುತ್ತ ಕೂತರೆ ಎರಡೂ ಅರ್ಥವಾಗುವುದಿಲ್ಲ ಎಂಬುದು ಈ ಬರಹದ ವಾದ.

ಈ ಸೀಮೆಯ ಹಿರಿಯರ ಬಾಯಲ್ಲಿ 1972 ಅಂದರೆ ಬರ. ಆ ವರ್ಷ ಮಹಾರಾಷ್ಟ್ರದ ಒಣಪಟ್ಟಿಯ ಜಿಲ್ಲೆಗಳಲ್ಲಿ ಲಕ್ಷಗಟ್ಟಲೆ ಜನ ಬರಗಾಲದ ಕಾಮಗಾರಿಗೆ ನಿಂತು ಖಡಿ ಒಡೆದರು, ಮಣ್ಣು ಹೊತ್ತರು, ರಸ್ತೆ ಹಾಕಿದರು. ಆ ಅನುಭವವೇ ಮುಂದೆ ರೋಜಗಾರ ಹಮೀ (ಉದ್ಯೋಗ ಖಾತರಿ) ಯೋಜನೆಯಾಗಿ 1979ರಲ್ಲಿ ಕಾಯ್ದೆಯ ಬಲ ಪಡೆಯಿತು. ಅದೇ 1972ರಲ್ಲಿ, ಅದೇ ಒಣಪಟ್ಟಿಯ ಅಹಮದನಗರದಲ್ಲಿ, ಎಚ್. ಕೆ. ಫಿರೋದಿಯಾ ಸ್ಥಾಪಿಸಿದ್ದ ಕೈನೆಟಿಕ್ ಇಂಜಿನಿಯರಿಂಗ್ ಕಂಪನಿ ಲೂನಾ ಎಂಬ ಪುಟ್ಟ ಗಾಡಿಯನ್ನು ಹೊರಗೆ ಬಿಟ್ಟಿತು. ಇಟಲಿಯ ಪಿಯಾಜಿಯೋ ಕಂಪನಿಯ ಚಾವ್ ಗಾಡಿಯ ಪರವಾನಗಿ ಪಡೆದು ಮಾಡಿದ, 50 ಸಿಸಿಯ, ಪೆಡಲು ತುಳಿದು ಶುರುಮಾಡುವ ಗಾಡಿ. 1980ರಲ್ಲಿ ಹೊಸೂರಿನಿಂದ ಇಬ್ಬರು ಕೂರುವ ಟಿವಿಎಸ್ 50 ಬಂತು. ಬರಕ್ಕೂ ಲೂನಾಕ್ಕೂ ಕಾರ್ಯಕಾರಣ ಸಂಬಂಧವಿದೆ ಎಂದು ಹೇಳಲಾಗದು. ಆದರೆ ಅವೆರಡೂ ಒಂದೇ ಕಾಲಕ್ಕೆ ಒದಗಿದ್ದರ ಪರಿಣಾಮ ದೊಡ್ಡದು. ಬಸ್ಸು ಮುಟ್ಟದ ಊರಿಗೆ ಖಡಿ ರಸ್ತೆ ಮುಟ್ಟಿತು, ಆ ರಸ್ತೆಯಲ್ಲಿ ಹೋಗಬಲ್ಲ ಅಗ್ಗದ ಇಂಜಿನ್ನು ಪೇಟೆಯಲ್ಲಿ ಸಿಕ್ಕಿತು. ಡಾಂಬರಿಗಿಂತ ಮೊದಲೇ ಮೊಪೆಡ್ ಬಂದ ಊರುಗಳಲ್ಲಿ ಕಲಿಕೆ ನಡೆದದ್ದು ಸಡಿಲ ನೆಲದ ಮೇಲೆ. ಈ ವಿದ್ಯೆಯ ಸ್ವಭಾವವನ್ನು ತಿದ್ದಿದ್ದು ಆ ನೆಲವೇ.

ಹಾಗಿದ್ದರೂ ಮೊದಲ ಪಾಠ ಇಂಜಿನ್ನಿನದಲ್ಲ, ಸೈಕಲ್ಲಿನದು. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ತಂದ ದೊಡ್ಡ ಸೈಕಲ್ಲಿನ ಸೀಟು ಹುಡುಗರಿಗೆ ಎಟುಕುತ್ತಿರಲಿಲ್ಲ. ಹಾಗಾಗಿ ನಡುವಿನ ದಂಡೆಯ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುವುದೇ ಎಲ್ಲರ ಮೊದಲ ಪಟ್ಟು. ಅದನ್ನು ಹತ್ತಿರದಿಂದ ಗಮನಿಸಿದರೆ ಅಲ್ಲಿ ನಡೆಯುವುದು ಸಣ್ಣ ಕೆಲಸವಲ್ಲ. ಹುಡುಗನ ಮೈ ಸೈಕಲ್ಲಿನ ಒಂದು ಮಗ್ಗುಲಿಗೆ ಜೋತಿರುತ್ತದೆ, ಸೈಕಲ್ಲು ಇನ್ನೊಂದು ಮಗ್ಗುಲಿಗೆ ವಾಲಿರುತ್ತದೆ, ಎರಡರ ಭಾರವೂ ಗಾಲಿಗಳು ನೆಲಕ್ಕೆ ತಾಗುವ ಗೆರೆಯ ಮೇಲೆ ಸಮವಾಗಿ ಬಿದ್ದಾಗ ಮಾತ್ರ ಅದು ನಿಲ್ಲುತ್ತದೆ. ತಿರುವಿನಲ್ಲಿ ಗಾಡಿಯನ್ನು ಬಾಗಿಸುವ ಜ್ಞಾನದ ಬೇರು ಇಲ್ಲಿದೆ. ದಂಡೆಯ ಕೆಳಗೆ ಎರಡು ಬೇಸಿಗೆ ಕಳೆದವನಿಗೆ ಮೊಪೆಡ್ಡಿನ ಸಮತೋಲ ಹೊಸದಾಗಿ ಕಲಿಯುವಂಥದ್ದಾಗಿರಲಿಲ್ಲ. ಬಲಗೈಯ ರೇಸು, ಇಷ್ಟೇ ಹೊಸದು. ಪೆಡಲಿರುವ ಲೂನಾ ಈ ದಾಟನ್ನು ಇನ್ನಷ್ಟು ಸುಲಭ ಮಾಡಿತು. ಸೈಕಲ್ಲೆಂದೇ ಹತ್ತಿದವನು ಗಾಡಿ ಹೊಡೆಯುವವನಾಗಿ ಇಳಿಯುತ್ತಿದ್ದ.

ತಿರುವಿನ ಪಾಠವನ್ನು ಕಲಿಸಿದ್ದು ನೆಲ. ಅಕ್ಕಲಕೋಟ ತಾಲೂಕಿನ ಎರಿ ಭೂಮಿ ಒಣಗಿದಾಗ ಬಿರಿಯುತ್ತದೆ, ನೆನೆದಾಗ ಗಾಲಿಗೂ ಮಡಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ನಿಲ್ಲಿಸುತ್ತದೆ. ಗರಸಿನ ರಸ್ತೆಯಲ್ಲಿ ಗಾಲಿ ಉರುಳುವ ಎರಡು ಜಾಡುಗಳು ಗಟ್ಟಿಯಾಗಿರುತ್ತವೆ, ನಡುವೆಯೂ ಅಂಚಿಗೂ ಸಡಿಲ ಖಡಿ ಕೂತಿರುತ್ತದೆ. ಇಲ್ಲಿ ಬೀಳದೆ ತಿರುಗುವವನು ಮಾಡುವುದು ಇಷ್ಟು: ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸುತ್ತಾನೆ, ಜಾಡು ಬಿಡುವುದಿಲ್ಲ, ಬಾಗಿದ ಮೇಲೆ ಮುಂದಿನ ಬ್ರೇಕು ಮುಟ್ಟುವುದಿಲ್ಲ, ತಿರುವು ಬಿಚ್ಚಿಕೊಂಡ ಮೇಲೆ ಮೆಲ್ಲಗೆ ರೇಸು ಕೊಡುತ್ತಾನೆ. ಇದರ ಹಿಂದೆ ಒಂದು ಗಣಿತವಿದೆ. ಟಯರಿಗೆ ನೆಲದಿಂದ ಸಿಗುವ ಹಿಡಿತ ಒಂದು ಗಂಟು ಇದ್ದಹಾಗೆ. ಅದನ್ನು ಬ್ರೇಕಿಗೆ ಖರ್ಚುಮಾಡಿದರೆ ತಿರುಗುವುದಕ್ಕೆ ಉಳಿಯುವುದಿಲ್ಲ. 20 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಸುತ್ತಲು ಸುಮಾರು 9 ಡಿಗ್ರಿ ವಾಲಿದರೆ ಸಾಕು. ಅದೇ ತಿರುವಿಗೆ 40ರಲ್ಲಿ ಬಂದರೆ 32 ಡಿಗ್ರಿ ಬೇಕು. ವೇಗ ಎರಡು ಪಟ್ಟಾದರೆ ಬೇಕಾಗುವ ಹಿಡಿತ ನಾಲ್ಕು ಪಟ್ಟಾಗುತ್ತದೆ, ಸಡಿಲ ಖಡಿಯಲ್ಲಿ ಅಷ್ಟು ಹಿಡಿತ ಸಿಗುವುದಿಲ್ಲ. ಈ ಅಂಕಿಗಳನ್ನು ಕಾಣದೆಯೇ ಹಾಲಿನವರು, ತರಕಾರಿಯವರು ಅವುಗಳ ಫಲವನ್ನು ಕೈಯಲ್ಲಿ ಇಟ್ಟುಕೊಂಡಿದ್ದರು.

ಇಲ್ಲೊಂದು ಆಕ್ಷೇಪ ಬರುತ್ತದೆ. ಮೊಪೆಡ್ಡಿಗೆ ಇರುವ ಶಕ್ತಿಯಾದರೂ ಎಷ್ಟು? ಅದನ್ನು ಹೊಡೆಯುವುದು ವಿದ್ಯೆ ಹೇಗಾಗುತ್ತದೆ? ಈ ಪ್ರಶ್ನೆ ಇಂಜಿನ್ನನ್ನು ನೋಡುತ್ತದೆ, ಮೇಲಿರುವ ಹೇರನ್ನು ನೋಡುವುದಿಲ್ಲ. ಈಗಿನ ಟಿವಿಎಸ್ ಎಕ್ಸ್ಎಲ್ 100 ಗಾಡಿಯ ಸ್ವಂತ ತೂಕ 80–90 ಕಿಲೋ. ಅದರ ಮೇಲೆ ಸವಾರ, ಮುಂದಿನ ಹಲಗೆಯ ಮೇಲೊಂದು ಜೋಳದ ಚೀಲ, ಹಿಂದೆ ಎರಡು ಹಾಲಿನ ಕ್ಯಾನು ಅಥವಾ ಚಾದರದ ಗಂಟು ಏರಿದರೆ ಹೇರು ಗಾಡಿಗಿಂತ ಭಾರವಾಗುತ್ತದೆ. ಬಲ ಕಡಿಮೆ ಇರುವ ಗಾಡಿಯಲ್ಲಿ ತಪ್ಪನ್ನು ರೇಸು ಕೊಟ್ಟು ಸರಿಪಡಿಸಿಕೊಳ್ಳಲು ಬರುವುದಿಲ್ಲ. ಹೇರುವಾಗಲೇ ಲೆಕ್ಕ ಸರಿಯಿರಬೇಕು. ಈ ಲೆಕ್ಕ ಬಂದದ್ದು ಎತ್ತಿನ ಬಂಡಿಯಿಂದ. ಹೇರು ಹಿಂದಕ್ಕೆ ಹೆಚ್ಚಾದರೆ ಬಂಡಿಯ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಟ್ಟು ಕುತ್ತಿಗೆಯನ್ನು ಎಳೆಯುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತು ಬಾಗುತ್ತದೆ. ಬಂಡಿ ಹೇರುವವರಿಗೆ ಇದು ಉಸಿರಾಟದಷ್ಟು ಸಹಜವಾದ ತಿಳಿವಳಿಕೆ. ಬಂಡಿಯನ್ನೂ ಮೊಪೆಡ್ಡನ್ನೂ ನಾವು ‘ಹೊಡೆಯುತ್ತೇವೆ’, ಎರಡನ್ನೂ ‘ಗಾಡಿ’ ಎನ್ನುತ್ತೇವೆ. ಒಂದರ ಜ್ಞಾನ ಇನ್ನೊಂದಕ್ಕೆ ಹರಿದಿದೆ ಎಂಬುದಕ್ಕೆ ನಮ್ಮ ಮಾತೇ ಸಾಕ್ಷಿ.

ಮೂಕಿ ಎದ್ದದ್ದನ್ನು ಮೊಪೆಡ್ಡಿಗೆ ಅನ್ವಯಿಸಿದರೆ ಸಿಗುವುದೇ ವ್ಹೀಲಿ. ಮುಂದಿನ ಗಾಲಿ ಏಳಬೇಕಾದರೆ ಒಟ್ಟು ತೂಕಕ್ಕೆ ಹೋಲಿಸಿದ ಗಾಡಿಯ ಎಳೆತ, ಭಾರದ ಕೇಂದ್ರ ಹಿಂದಿನ ಗಾಲಿಯಿಂದ ಎಷ್ಟು ಮುಂದಿದೆ, ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬ ಎರಡರ ಅನುಪಾತವನ್ನು ಮೀರಬೇಕು. ಸವಾರ ಒಬ್ಬನೇ ನೆಟ್ಟಗೆ ಕೂತಿದ್ದರೆ, ಸಮತಟ್ಟು ರಸ್ತೆಯಲ್ಲಿ, ಬರೀ ರೇಸಿನಿಂದ ಮೊಪೆಡ್ಡಿನ ಇಂಜಿನ್ನು ಅಷ್ಟು ಎಳೆಯಲಾರದು. ಆದರೆ ಹೇರು ಹಿಂದಿನ ಗಾಲಿಯನ್ನೂ ದಾಟಿ ಹಿಂದಕ್ಕೆ ಕೂತಿದ್ದರೆ, ಹಳ್ಳದ ದಂಡೆ ಏರುವಾಗ, ಬೇಡವೆಂದರೂ ಗಾಲಿ ಏಳುತ್ತದೆ, ಹ್ಯಾಂಡಲ್ಲು ಹಗುರಾಗಿ ಗಾಡಿ ಮಾತು ಕೇಳದಾಗುತ್ತದೆ. ಚೀಲವನ್ನು ಮುಂದಿನ ಹಲಗೆಗೆ ತಂದದ್ದು, ಏರಿನಲ್ಲಿ ಸವಾರ ಹ್ಯಾಂಡಲ್ಲಿನ ಮೇಲೆ ಬಾಗುವುದು, ಎಲ್ಲವೂ ಇದನ್ನು ತಡೆಯುವ ಉಪಾಯಗಳು. ಹೇರು ಒಯ್ಯುವವರ ಪಾಲಿಗೆ ವ್ಹೀಲಿ ಮೊದಲು ಅಪಘಾತ. ಅದನ್ನು ತಡೆಯಲು ಕಲಿತ ಮೇಲೆಯೇ ಅದನ್ನು ಬೇಕೆಂದು ಮಾಡುವ ದಾರಿಯೂ ಕಂಡದ್ದು. ಹಿಂದಕ್ಕೆ ಸರಿದು, ಹ್ಯಾಂಡಲ್ಲು ಎಳೆದು, ದಿಬ್ಬದ ಸಹಾಯ ಪಡೆದು ಗಾಲಿ ಎತ್ತುವ ಹುಡುಗ ತಂದೆಯ ಉಪಾಯವನ್ನೇ ತಿರುವಿ ಹಾಕಿರುತ್ತಾನೆ.

ವ್ಹೀಲಿ ನಮ್ಮದಲ್ಲ, ಸಿನಿಮಾ ಮತ್ತು ಮೊಬೈಲು ತಂದ ಚಟ ಎನ್ನುವವರಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ನೋಡುವವರ ಸಂಖ್ಯೆಯನ್ನು ಮೊಬೈಲು ಹೆಚ್ಚಿಸಿದೆ, ಬಲವಾದ ಬೈಕುಗಳು ಕೆಲಸವನ್ನು ಸುಲಭ ಮಾಡಿವೆ. ಆದರೆ ಆಸೆ ಹಳೆಯದು. ದಿನಗಟ್ಟಲೆ ಸೈಕಲ್ಲಿನಿಂದ ಇಳಿಯದೆ ಊರ ಬಯಲಿನಲ್ಲಿ ಸುತ್ತುತ್ತ, ಸೈಕಲ್ಲಿನ ಮೇಲೇ ಸ್ನಾನ ಮಾಡಿ, ಮುಂದಿನ ಗಾಲಿ ಎತ್ತಿ ತೋರಿಸುತ್ತಿದ್ದ ಆಟಗಾರರನ್ನು ಗಡಿಯ ಎರಡೂ ಬದಿಯ ಊರುಗಳು ಕಂಡಿವೆ. ಜಾತ್ರೆಗಳ ಹಲಗೆಯ ಬಾವಿಯಲ್ಲಿ ಬೈಕು ಗೋಡೆ ಹತ್ತುವುದನ್ನು ಟಿಕೆಟ್ಟು ಕೊಟ್ಟು ನೋಡಿವೆ. ಅವರು ತೋರಿಸುತ್ತಿದ್ದುದು ವರ್ಷಗಟ್ಟಲೆ ಸಾಧಿಸಿದ ಕಸುಬು, ಬೇಲಿಯೊಳಗಿನ ಆಟ. ಈಗ ಬದಲಾಗಿರುವುದು ಇದೇ. ಸಾಧನೆಯ ವರ್ಷಗಳು ಕಳಚಿವೆ, ಬೇಲಿಯೂ ಹೋಗಿದೆ, ಆಟ ಸಾರ್ವಜನಿಕ ರಸ್ತೆಗೆ ಬಂದಿದೆ. ಅಲ್ಲಿ ದಾರಿಹೋಕರ ಜೀವವೂ ಪಣಕ್ಕೆ ಬೀಳುತ್ತದೆ. ಅದನ್ನು ಯಾವ ಪರಂಪರೆಯ ಹೆಸರಿನಲ್ಲಿಯೂ ಒಪ್ಪಲಾಗದು.

ಇನ್ನೂ ತೂಕದ ಆಕ್ಷೇಪ ಮತ್ತೊಂದಿದೆ. ಬಿದ್ದು ಕಲಿಯುವುದನ್ನು ಪರಂಪರೆ ಎಂದು ಹೊಗಳಿದರೆ ಬಿದ್ದು ಕೈಕಾಲು ಕಳೆದುಕೊಂಡವರಿಗೆ ಏನು ಹೇಳುವುದು? ಲೈಸೆನ್ಸಿಲ್ಲದೆ, ಹೆಲ್ಮೆಟ್ಟಿಲ್ಲದೆ ನಡೆದ ಕಲಿಕೆಗೆ ಮರ್ಯಾದೆ ಯಾಕೆ? ಈ ಮಾತನ್ನು ಪೂರ್ತಿ ಒಪ್ಪಬೇಕು. ಒಪ್ಪಿದ ಮೇಲೆಯೇ ನನ್ನ ವಾದ ಗಟ್ಟಿಯಾಗುತ್ತದೆ. ಬಾಯಿಂದ ಬಾಯಿಗೆ ಬಂದ ವಿದ್ಯೆಯಲ್ಲಿ ಪಟ್ಟು ಇರುತ್ತದೆ, ಕಾರಣ ಇರುವುದಿಲ್ಲ. ‘ಎಡಗೈ ಹಿಡಿ, ಬಲಗೈ ಮುಟ್ಟಬೇಡ’ ಎಂಬ ಹಳೆಯ ಬುದ್ಧಿಮಾತನ್ನೇ ನೋಡಿ. ಎಡಗೈ ಹಿಂದಿನ ಬ್ರೇಕು ಮಾತ್ರ ಆಗಿದ್ದಾಗ ಗರಸಿನ ತಿರುವಿನಲ್ಲಿ ಅದು ಸರಿಯಿತ್ತು. 2019ರ ಏಪ್ರಿಲಿನಿಂದ ಸಣ್ಣ ಗಾಡಿಗಳಿಗೆ ಎರಡೂ ಬ್ರೇಕನ್ನು ಜೋಡಿಸುವ ಏರ್ಪಾಡು ಕಡ್ಡಾಯವಾದ ಮೇಲೆ ಎಡಗೈ ಹಿಡಿದರೂ ಮುಂದಿನ ಗಾಲಿಗೆ ಬ್ರೇಕು ತಾಗುತ್ತದೆ. ಕಾರಣ ಗೊತ್ತಿದ್ದವನು ತಿರುವಿಗೆ ಮೊದಲೇ ವೇಗ ಇಳಿಸುತ್ತಾನೆ. ಪಟ್ಟು ಮಾತ್ರ ಗೊತ್ತಿದ್ದವನು ಬೀಳುತ್ತಾನೆ. ಕಾನೂನಿನಲ್ಲಿಯೂ ಇಂಥದೇ ಒಂದು ಬಿರುಕಿದೆ. 1988ರ ಮೋಟಾರು ವಾಹನ ಕಾಯ್ದೆ 16 ತುಂಬಿದವರಿಗೆ 50 ಸಿಸಿವರೆಗಿನ ಗಾಡಿ ಹೊಡೆಯಲು ಅವಕಾಶ ಕೊಟ್ಟಿತು. ಲೂನಾ, ಟಿವಿಎಸ್ 50ರ ಕಾಲಕ್ಕೆ ಅದು ತಕ್ಕ ಮೆಟ್ಟಿಲು. ಈಗ ಊರಲ್ಲಿ ಓಡಾಡುವ ಮೊಪೆಡ್ಡಿನ ಇಂಜಿನ್ನು 99.7 ಸಿಸಿ. ಮೆಟ್ಟಿಲು ಪುಸ್ತಕದಲ್ಲಿದೆ, ಅದರ ಮೇಲೆ ಕಾಲಿಡಲು ಗಾಡಿ ಇಲ್ಲ. ಅಪ್ರಾಪ್ತರು ಗಾಡಿ ಹೊಡೆದು ಅಪರಾಧವಾದರೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ ಎಂದು 2019ರ ತಿದ್ದುಪಡಿ ಹೇಳುತ್ತದೆ. ದಂಡ ಇರಲಿ. ಆದರೆ ಲೈಸೆನ್ಸಿನ ಪರೀಕ್ಷೆಯಲ್ಲಿ ಎಂಟರ ಆಕಾರ ಸುತ್ತಿಸಿದರೆ ನಿಧಾನದ ಸಮತೋಲ ಗೊತ್ತಾದೀತೇ ಹೊರತು ಖಡಿಯ ತಿರುವು, ಹೇರಿನ ಲೆಕ್ಕ ಗೊತ್ತಾಗುವುದಿಲ್ಲ. ಅವುಗಳನ್ನು ಕಲಿಸುವ ಜಾಗ ಎಲ್ಲಿ?

ಇದಕ್ಕೆ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಗಡ್ಡದ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಸಿದ್ಧರಾಮ ಸ್ಥಾಪಿಸಿದ 68 ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಮುಗಿಲಿಗೆ ಮುಖಮಾಡಿದ ಆ ಭಾರದ ಕಂಬವನ್ನು ಜನರ ನಡುವೆ ನೆಟ್ಟಗೆ ಒಯ್ಯುವುದೆಂದರೆ ಸೊಂಟ, ಕೈ, ಕಣ್ಣು ಮೂರೂ ಒಂದೇ ಗೆರೆಯಲ್ಲಿ ಇರಬೇಕು. ಆ ಸಮತೋಲ ಯಾರಿಗೂ ಒಂದೇ ದಿನಕ್ಕೆ ಬಂದದ್ದಲ್ಲ. ಜಾತ್ರೆಗೆ ಮುಂಚಿನ ದಿನಗಳಲ್ಲಿ ಸರಾವು, ಅಂದರೆ ತಾಲೀಮು, ನಡೆಯುತ್ತದೆ, ಹಿರಿಯರು ಪಕ್ಕದಲ್ಲಿರುತ್ತಾರೆ, ಕೈ ಸೋತರೆ ಹಿಡಿಯಲು ಇನ್ನೊಬ್ಬರು ನಿಂತಿರುತ್ತಾರೆ. ಧ್ವಜ ಬಾಗದಿರಲಿ, ಯಾರ ಮೇಲೂ ಬೀಳದಿರಲಿ ಎಂಬ ಎಚ್ಚರವೇ ಅಲ್ಲಿ ಭಕ್ತಿ. ಭಾರವನ್ನು ಎತ್ತರಕ್ಕೆ ಹಿಡಿದು ನಡೆಯುವ ವಿದ್ಯೆಯನ್ನು ತಲೆತಲಾಂತರದಿಂದ ಹೀಗೆ ಕಲಿಸಿದ ಸೀಮೆ, ಎರಡು ಗಾಲಿಯ ಮೇಲೆ ಭಾರ ಹೊತ್ತು ತಿರುಗುವ ವಿದ್ಯೆಯನ್ನು ಮಾತ್ರ ಐವತ್ತು ವರ್ಷ ಹುಡುಗರ ಮೊಣಕಾಲಿಗೆ ಬಿಟ್ಟುಕೊಟ್ಟಿತು. ಪ್ರತಿ ತಾಲೂಕಿನಲ್ಲಿ ಒಂದು ಬಯಲು, ಅದರಲ್ಲೊಂದು ಗರಸಿನ ತಿರುವು, ಹೇರಲು ಎರಡು ಚೀಲ, ಪಕ್ಕದಲ್ಲಿ ನಿಲ್ಲಲು ಹಾಲು ಹಾಕಿ ಪಳಗಿದ ಒಬ್ಬ ಹಿರಿಯ. ಕೈಯಲ್ಲಿರುವ ಲೆಕ್ಕ ಬಾಯಿಗೆ ಬರಲು, ಬಾಯಿಂದ ಇನ್ನೊಂದು ಕೈಗೆ ದಾಟಲು ಇಷ್ಟು ಬೇಕು. ಗಾಲಿ ಯಾಕೆ ಏಳುತ್ತದೆ ಎಂದು ಅಲ್ಲಿ ಕಲಿತ ಹುಡುಗ, ಅದನ್ನು ನೆಲದ ಮೇಲೆ ಇಟ್ಟುಕೊಂಡು ಮನೆ ಮುಟ್ಟುವುದನ್ನೂ ಕಲಿತಿರುತ್ತಾನೆ.