ಗ್ರಂಥಾಲಯ ಯಾರ್ದು ಮಾಮ? ಕಂದಾಯದ ರಸೀದಿಯಲ್ಲಿ ಸಿಕ್ಕ ಉತ್ತರ

ಇವತ್ತಿನ ಎಪಿಸೋಡ್ ಶುರುವಾಗೋದು ಒಂದನೇ ಕ್ಲಾಸಿನ ಹುಡುಗಿ ಕೇಳಿದ ಒಂದು ಪ್ರಶ್ನೆಯಿಂದ. ಅವಳು ನನ್ನ ಅಕ್ಕನ ಮಗಳು. ನಮ್ಮೂರು ಕಡೂರು ತಾಲ್ಲೂಕಿನ ಪಂಚನಹಳ್ಳಿ. ರಾಗಿ, ತೆಂಗು, ಮಳೆಗೆ ಕಾಯೋ ಬಯಲುಸೀಮೆ. ಬೇಸಿಗೆ ರಜದಲ್ಲಿ ಅವಳನ್ನ ಕರ್ಕೊಂಡು ಕಡೂರಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದಿದ್ದೆ. ಕಬ್ಬನ್ ಪಾರ್ಕ್ ಸುತ್ತಿ ಸುತ್ತಿ ಬಿಸಿಲು ಜಾಸ್ತಿ ಆದಾಗ ಅಲ್ಲಿರೋ ಕೆಂಪು ಕಟ್ಟಡದೊಳಗೆ ಹೋದ್ವಿ. ಅದೇ ರಾಜ್ಯ ಕೇಂದ್ರ ಗ್ರಂಥಾಲಯ.

ಒಳಗೆ ಕಾಲಿಟ್ಟವಳು ಕಪಾಟುಗಳನ್ನ ನೋಡಿ ದನಿ ಇಳಿಸಿ ಕೇಳಿದ್ಲು: "ಮಾಮ, ಇಷ್ಟೂ ಪುಸ್ತಕ ಯಾರ್ದು?"

"ಗೌರ್ಮೆಂಟ್‌ದು ಪುಟ್ಟಿ."

"ಗೌರ್ಮೆಂಟಿಗೆ ಯಾರು ದುಡ್ಡು ಕೊಟ್ರು?"

ನಾನು ಬಿ.ಕಾಂ. ಓದಿದವನು. ಬ್ಯಾಲೆನ್ಸ್ ಶೀಟ್ ಓದೋಕೆ ಬರುತ್ತೆ. ಆದ್ರೆ ಈ ಪ್ರಶ್ನೆಗೆ ಆ ಕ್ಷಣಕ್ಕೆ ಉತ್ತರ ಇರಲಿಲ್ಲ. ಊರಿಗೆ ಬಂದ ಮೇಲೆ ಹುಡುಕಿದೆ. ಸಿಕ್ಕಿದ್ದನ್ನ ನಿಮಗೂ ಹೇಳ್ತೀನಿ.

ಆ ಕಟ್ಟಡದ ಹೆಸರು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. 1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ನೆನಪಿಗೆ ಕಟ್ಟಿದ್ದು. ಮುಂದೆ ಅವರದೇ ಪ್ರತಿಮೆ ಇದೆ. ಅಲ್ಲಿ ಸಾರ್ವಜನಿಕ ಗ್ರಂಥಾಲಯ ಶುರುವಾಗಿದ್ದು ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1915ರ ಹೊತ್ತಿಗೆ. ಅದೇ ವರ್ಷ ಕನ್ನಡ ಸಾಹಿತ್ಯ ಪರಿಷತ್ತು, ಮರುವರ್ಷ ಮೈಸೂರು ವಿಶ್ವವಿದ್ಯಾಲಯ. ಓದು ಅನ್ನೋದು ರಾಜ್ಯದ ಕೆಲಸ ಅಂತ ಯೋಚಿಸ್ತಿದ್ದ ಕಾಲ ಅದು.

ಆದ್ರೆ ಹಳ್ಳಿಗೆ? ಆಗ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಗುಜರಾತಿನ ಕಡೆ ಬರೋಡ ಸಂಸ್ಥಾನದಲ್ಲಿ ಸಯಾಜಿರಾವ್ ಗಾಯಕವಾಡರು 1910ರಲ್ಲೇ ಅಮೆರಿಕದಿಂದ ಡಬ್ಲ್ಯೂ. ಎ. ಬೋರ್ಡನ್ ಅನ್ನೋ ಗ್ರಂಥಪಾಲಕರನ್ನ ಕರೆಸಿಕೊಂಡಿದ್ರು. ಅಲ್ಲಿ ಪುಸ್ತಕಗಳನ್ನ ಪೆಟ್ಟಿಗೆಗೆ ತುಂಬಿ ಹಳ್ಳಿ ಹಳ್ಳಿಗೆ ಕಳಿಸ್ತಿದ್ರು. ಮಕ್ಕಳಿಗೆ ಬೇರೆ ವಿಭಾಗವೇ ಇತ್ತು. ಆದರೂ ಅದು ಮಹಾರಾಜರು ಮನಸ್ಸು ಮಾಡಿದ್ರೆ ಆಗೋ ಕೆಲಸ. ಅವರ ಮನಸ್ಸು ಬದಲಾದ್ರೆ?

ಈ ಪ್ರಶ್ನೆಗೆ ದಾರಿ ಹುಡುಕಿದವರಲ್ಲಿ ಮುಖ್ಯರು ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದ ಇವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ್ರು. ಕೊನೆಯ ವರ್ಷಗಳನ್ನ ಕಳೆದಿದ್ದು ಬೆಂಗಳೂರಲ್ಲೇ. ಗ್ರಂಥಾಲಯ ಯಾರದೋ ದೊಡ್ಡ ಮನಸ್ಸಿನ ಮೇಲೆ ನಿಲ್ಲಬಾರದು, ಅದಕ್ಕೊಂದು ಕಾನೂನು ಬೇಕು, ಕಾನೂನಿನ ಜೊತೆ ಖಾಯಂ ಆದಾಯ ಬೇಕು ಅನ್ನೋದು ಅವರ ವಾದ. ಸ್ವತಂತ್ರ ಭಾರತದಲ್ಲಿ ಮೊದಲು ಮದ್ರಾಸ್ 1948ರಲ್ಲಿ ಇಂಥ ಕಾನೂನು ಮಾಡಿತು. ನಮ್ಮಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, 1966ರ ನವೆಂಬರ್ 1ರಿಂದ ಜಾರಿಯಾಯ್ತು. ಕಬ್ಬನ್ ಪಾರ್ಕಿನ ಆ ಗ್ರಂಥಾಲಯ ರಾಜ್ಯ ಕೇಂದ್ರ ಗ್ರಂಥಾಲಯ ಆಗಿದ್ದು ಈ ಕಾಯ್ದೆ ಬಂದ ಮೇಲೆ.

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ. ಆ ಕಾಯ್ದೆಯಲ್ಲಿ ಒಂದು ಸೆಸ್ ಇದೆ, ಕನ್ನಡದಲ್ಲಿ ಗ್ರಂಥಾಲಯ ಉಪಕರ. ಮನೆ, ಸೈಟಿಗೆ ನೀವು ಕಟ್ಟೋ ತೆರಿಗೆಯ ಮೇಲೆ ಸ್ವಲ್ಪ ಸೇರಿಸಿ ವಸೂಲಿ ಮಾಡ್ತಾರೆ. ಮೊದಲು ರೂಪಾಯಿಗೆ ಮೂರು ಪೈಸೆ ಇತ್ತು, ಈಗ ನೂರಕ್ಕೆ ಆರು ರೂಪಾಯಿ. ಅಂದ್ರೆ ಸಾವಿರ ರೂಪಾಯಿ ಮನೆ ಕಂದಾಯ ಇದ್ರೆ ಅದರ ಮೇಲೆ ಅರವತ್ತು ರೂಪಾಯಿ ಗ್ರಂಥಾಲಯಕ್ಕೆ. ಇದು ಸಿಟಿಯವರಿಗೆ ಮಾತ್ರ ಅಲ್ಲ, ಗ್ರಾಮ ಪಂಚಾಯಿತಿಯವರೂ ವಸೂಲಿ ಮಾಡ್ತಾರೆ.

ಮನೇಲಿ ತಾತನ ಟ್ರಂಕ್ ತೆಗೆದು ರಸೀದಿಗಳನ್ನ ನೋಡಿದೆ. ಆರೋಗ್ಯ ಕರ, ಶಿಕ್ಷಣ ಕರ, ಅದರ ಪಕ್ಕದಲ್ಲೇ ಗ್ರಂಥಾಲಯ ಕರ. ತಾತ ಹೆಬ್ಬೆಟ್ಟು ಒತ್ತೋರು, ಒಂದು ಪುಸ್ತಕ ಓದಿದವರಲ್ಲ. ಆದ್ರೆ ವರ್ಷಾವರ್ಷ ಗ್ರಂಥಾಲಯಕ್ಕೆ ದುಡ್ಡು ಕಟ್ಟಿದ್ರು. ಆ ಕಾಲಂ ನೋಡಿ ಗಂಟಲು ಕಟ್ಟಿತು, ಸುಳ್ಳು ಹೇಳಲ್ಲ.

ಎಲ್ಲ ಸರಿ ಇದೆ ಅಂತಲ್ಲ. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ ಸೆಸ್ ಗ್ರಂಥಾಲಯಗಳಿಗೆ ಪೂರ್ತಿ ಸೇರಿಲ್ಲ ಅನ್ನೋ ಸುದ್ದಿ ಮತ್ತೆ ಮತ್ತೆ ಬಂದಿದೆ. ನಾನು ಚಿಕ್ಕವನಿದ್ದಾಗ ನಮ್ಮ ಕಡೆ ನೋಡಿದ ಗ್ರಂಥಾಲಯ ಅಂದ್ರೆ ಒಂದು ರೂಮು, ನಾಲ್ಕು ಪೇಪರು, ಬಾಗಿಲಿಗೆ ಬೀಗ. 2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ, ಕೊರೊನಾದಿಂದ ಸ್ಕೂಲು ಮುಚ್ಚಿದ್ದಾಗ, 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ತು.

ಮತ್ತೆ ಕಬ್ಬನ್ ಪಾರ್ಕಿಗೆ ಬರೋಣ. ಆ ಪಾರ್ಕಲ್ಲೇ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯ ಇದೆ. ಅಲ್ಲಿ ನಮ್ಮ ಪುಟ್ಟಿ ಆನೆ ಚಿತ್ರ ಇರೋ ಪುಸ್ತಕ ಹಿಡಿದು ಅಕ್ಷರ ಅಕ್ಷರ ಕೂಡಿಸಿ ಓದ್ತಾ ಕೂತಳು. ಅರ್ಧಕ್ಕೆ ಬರೋವಾಗ ರೈಲಿನ ಟೈಮ್ ಆಯ್ತು. "ಮನೆಗೆ ತಗೊಂಡು ಹೋಗೋಣ ಮಾಮ" ಅಂದ್ಲು. ನನ್ನ ಹತ್ರ ಮೆಂಬರ್‌ಶಿಪ್ ಕಾರ್ಡ್ ಇರಲಿಲ್ಲ. ಅಳಲಿಲ್ಲ. ಪೇಜಿನ ನಂಬರ್ ಮೇಲೆ ಬೆರಳಿಟ್ಟು "ಹನ್ನೊಂದು" ಅಂತ ಎರಡು ಸಲ ಹೇಳ್ಕೊಂಡು ಪುಸ್ತಕ ವಾಪಸ್ ಇಟ್ಟಳು.

ರಸೀದಿ ನೋಡಿದ ವಾರವೇ ಅವಳನ್ನ ನಮ್ಮ ಕಡೆಯ ಪಂಚಾಯಿತಿ ಗ್ರಂಥಾಲಯಕ್ಕೆ ಕರ್ಕೊಂಡು ಹೋಗಿ ಸದಸ್ಯತ್ವದ ಫಾರ್ಮ್ ತುಂಬಿಸಿದೆ. ಆ ಆನೆ ಪುಸ್ತಕ ಅಲ್ಲಿರಲಿಲ್ಲ. ಬೇಕಾದ ಪುಸ್ತಕದ ಹೆಸರು ಹೇಳಿ ಅಂತ ಮೇಲ್ವಿಚಾರಕರು ಒಂದು ನೋಟ್‌ಬುಕ್ ತೆಗೆದ್ರು. ಹೆಸರು ನಾನು ಹೇಳಿದೆ. ಇವಳು ಮೇಜಿನ ಅಂಚಿಗೆ ಗದ್ದ ಇಟ್ಟು, "ಹನ್ನೊಂದನೇ ಪೇಜಿಂದ ಓದ್ಬೇಕು, ಅದನ್ನೂ ಬರ್ಕೊಳಿ" ಅಂದ್ಲು. ಬರ್ಕೊಂಡ್ರು.

ಪುಸ್ತಕ ಇನ್ನೂ ಬಂದಿಲ್ಲ. ಶನಿವಾರ ಶನಿವಾರ ಹೋಗಿ ಕೇಳ್ತಿದ್ದೀವಿ. ಬೇಡೋ ಥರ ಅಲ್ಲ, ನಮ್ಮ ವಸ್ತು ಎಲ್ಲಿ ಅಂತ ಕೇಳೋ ಥರ. ಪುಟ್ಟಿಗೂ ಉತ್ತರ ಹೇಳಿದ್ದೀನಿ: ಆ ಪುಸ್ತಕಗಳಿಗೆ ದುಡ್ಡು ಕೊಟ್ಟವರಲ್ಲಿ ನಿನ್ನ ಮುತ್ತಾತನೂ ಒಬ್ರು.

ನೀವೂ ಒಂದು ಕೆಲಸ ಮಾಡಿ. ಈ ಎಪಿಸೋಡ್ ಮುಗಿದ ಮೇಲೆ ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ಆ ಕಾಲಂ ಹುಡುಕಿ. ಆಮೇಲೆ ಮನೇಲಿರೋ ಒಂದು ಮಗುವಿನ ಕೈ ಹಿಡ್ಕೊಂಡು ಹತ್ತಿರದ ಗ್ರಂಥಾಲಯಕ್ಕೆ ಹೋಗಿ. ಮುಂದಿನ ವಾರ ಸಿಗೋಣ.