ಬೇರೆ ಕೋಣೆಯಿಲ್ಲದ ಮನೆಯಲ್ಲಿ ಕೂಸಿನ ನಿದ್ದೆ

1894ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಎಲ್. ಎಮೆಟ್ ಹೋಲ್ಟ್ ಒಂದು ಸಣ್ಣ ಪ್ರಶ್ನೋತ್ತರ ಪುಸ್ತಕ ಪ್ರಕಟಿಸಿದರು. ಬೇಬೀಸ್ ಹಾಸ್ಪಿಟಲ್‌ನಲ್ಲಿ ಮಕ್ಕಳ ದಾದಿಯರ ತರಬೇತಿಗೆಂದು ಹುಟ್ಟಿದ ಪಾಠಗಳು ಅವು. 'ದ ಕೇರ್ ಅಂಡ್ ಫೀಡಿಂಗ್ ಆಫ್ ಚಿಲ್ಡ್ರನ್' ಎಂಬ ಹೆಸರಿನ ಆ ಪುಸ್ತಕ ಮತ್ತೆ ಮತ್ತೆ ಅಚ್ಚಾಗಿ, ಅಮೆರಿಕದ ಒಂದಿಡೀ ತಲೆಮಾರಿನ ತಾಯಂದಿರಿಗೆ ಕೈಪಿಡಿಯಾಯಿತು. ಹಸಿವು, ನೋವು ಯಾವುದೂ ಇಲ್ಲದೆ ಬರೀ ರೂಢಿಯಿಂದ ಅಳುವ ಕೂಸನ್ನು ಎತ್ತಿಕೊಳ್ಳಬೇಡಿ, ತಾನಾಗಿ ಅತ್ತು ಸುಮ್ಮನಾಗಲಿ ಎಂಬುದು ಹೋಲ್ಟರ ಸಲಹೆ. ಮೊದಲ ಸಲ ಒಂದು ತಾಸು ಹಿಡಿಯಬಹುದು, ತೀರಾ ಹಟದ ಕೂಸಾದರೆ ಎರಡು ಮೂರು ತಾಸು. ಎರಡನೆಯ ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಮೂರನೆಯ ಸಲದ ಅಗತ್ಯ ಬೀಳುವುದೇ ಅಪರೂಪ.

ಆ ಎರಡು ಮೂರು ತಾಸು ಮನೆಯ ಉಳಿದ ಮಕ್ಕಳು ಎಲ್ಲಿರಬೇಕು? ದಾದಿಯನ್ನು ಇಟ್ಟುಕೊಳ್ಳುವಷ್ಟು ಅನುಕೂಲವಿದ್ದ ಮನೆಯಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಲ್ಲಿ ಕೂಸಿಗೆಂದೇ ಒಂದು ಕೋಣೆ ಇರುತ್ತಿತ್ತು, ಅದಕ್ಕೊಂದು ಬಾಗಿಲೂ ಇರುತ್ತಿತ್ತು.

ಅದೇ ನಗರದ ಇನ್ನೊಂದು ಭಾಗದಲ್ಲಿ, ಲೋವರ್ ಈಸ್ಟ್ ಸೈಡಿನ ಆರ್ಚರ್ಡ್ ಬೀದಿಯಲ್ಲಿ, 97ನೇ ನಂಬರಿನ ಬಾಡಿಗೆ ಕಟ್ಟಡವಿತ್ತು. 1863ರಲ್ಲಿ ಕಟ್ಟಿದ್ದು, ಈಗ ವಸ್ತುಸಂಗ್ರಹಾಲಯ. ಒಂದೊಂದು ಸಂಸಾರಕ್ಕೆ ಸುಮಾರು 325 ಚದರಡಿ: ಹೊರಗೋಡೆಯ ಕಡೆಗೆ ಒಂದು ಕೋಣೆ, ನಡುವೆ ಅಡುಗೆಮನೆ, ಅದರಾಚೆ ಕತ್ತಲೆಯ ಒಂದು ಮಲಗುವ ಗೂಡು. ನೇರ ಬೆಳಕು ಬೀಳುತ್ತಿದ್ದುದು ಒಂದೇ ಕೋಣೆಗೆ. ಅಲ್ಲಿ ಬಾಳಿದ ಒಂದು ವಲಸಿಗ ಸಂಸಾರದ ಗಂಡುಮಕ್ಕಳು ಮುಂದಿನ ಕೋಣೆಯಲ್ಲಿ ಸೋಫಾದ ಮೇಲೆ ತಲೆಯಿಟ್ಟು, ಎದುರಿಗೆ ಜೋಡಿಸಿದ ಕುರ್ಚಿಗಳ ಮೇಲೆ ಕಾಲು ಚಾಚಿ, ಸಾಲಾಗಿ ಮಲಗುತ್ತಿದ್ದರು. ಇಂಥ ಮನೆಯಲ್ಲಿ ಕೂಸು ಎರಡು ತಾಸು ಅತ್ತರೆ ಅಣ್ಣ ಅಕ್ಕಂದಿರಷ್ಟೇ ಅಲ್ಲ, ಗೋಡೆಯಾಚೆಯ ಸಂಸಾರವೂ ಎದ್ದು ಕೂರುತ್ತಿತ್ತು.

ಈ ಕಟ್ಟಡಗಳ ಕೂಸುಗಳನ್ನು ರಾತ್ರಿ ಹಗಲು ಸಂಭಾಳಿಸುತ್ತಿದ್ದವರು ಬಹುಮಟ್ಟಿಗೆ ಅಕ್ಕಂದಿರು. ಅದನ್ನು ಕಣ್ಣಾರೆ ಕಂಡು ಕೆಲಸಕ್ಕೆ ತೊಡಗಿಸಿದವರು ಡಾ. ಸಾರಾ ಜೋಸೆಫೀನ್ ಬೇಕರ್. 1908ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಯಲ್ಲಿ ಶುರುವಾದ ಮಕ್ಕಳ ಆರೋಗ್ಯ ವಿಭಾಗದ ಮುಖ್ಯಸ್ಥೆಯಾದ ಅವರು, ಶಾಲಾ ಬಾಲಕಿಯರಿಗಾಗಿ 'ಲಿಟಲ್ ಮದರ್ಸ್ ಲೀಗ್' ಎಂಬ ಕೂಟಗಳನ್ನು ಕಟ್ಟಿದರು. ಕೂಸಿಗೆ ಹಾಲು ಕುಡಿಸುವುದು, ಮೀಯಿಸುವುದು, ಬಟ್ಟೆ ತೊಡಿಸುವುದು ಎಲ್ಲವನ್ನೂ ಆ ಹುಡುಗಿಯರು ಕಲಿತರು. ತಾಯಿ ಹೊಲಿಗೆಗೋ ಕಾರ್ಖಾನೆಗೋ ಹೋದಾಗ ಮನೆಯಲ್ಲಿ ಉಳಿಯುವವಳು ಅಕ್ಕ ಎಂಬ ಸತ್ಯವನ್ನು ಒಪ್ಪಿಕೊಂಡೇ ಹೊರಟ ಯೋಜನೆ ಅದು. ಮಕ್ಕಳ ಹೆಗಲ ಮೇಲೆ ಅಷ್ಟು ಭಾರ ಹೊರಿಸಿದ್ದು ಸರಿಯೇ ಎಂದು ಇಂದು ಕೇಳಬಹುದು, ಕೇಳಲೇಬೇಕು. ಆದರೂ ಶಿಶುಪಾಲನೆಯ ಚರಿತ್ರೆಯಲ್ಲಿ ಒಡಹುಟ್ಟಿದವರನ್ನು ಲೆಕ್ಕಕ್ಕೆ ತೆಗೆದುಕೊಂಡ ಕೆಲವೇ ಯೋಜನೆಗಳಲ್ಲಿ ಇದೊಂದು.

ಲಂಡನ್ನಿನಲ್ಲೂ ಇದೇ ಸ್ಥಿತಿ. ಫೇಬಿಯನ್ ಎಂಬ ಸಮಾಜವಾದಿ ಸಂಘದ ಮಹಿಳಾ ಬಳಗದ ಮಾಡ್ ಪೆಂಬರ್ ರೀವ್ಸ್ 1909ರಿಂದ ಲ್ಯಾಂಬೆತ್ ಪ್ರದೇಶದ ಕೂಲಿ ಕುಟುಂಬಗಳ ಅಧ್ಯಯನ ನಡೆಸಿ, 1913ರಲ್ಲಿ 'ರೌಂಡ್ ಅಬೌಟ್ ಎ ಪೌಂಡ್ ಎ ವೀಕ್' ಪ್ರಕಟಿಸಿದರು. ಅಲ್ಲಿ ಒಂದು ಮಂಚಕ್ಕೆ ನಾಲ್ಕು ಜನ ಮಲಗುವುದು ಸಾಮಾನ್ಯ ಸಂಗತಿ. ಕೂಸು ತಾಯಿಯ ಮಗ್ಗುಲಲ್ಲಿ. ನಿದ್ದೆಯಲ್ಲಿ ಮೈಮೇಲೆ ಹೊರಳಿ ಕೂಸು ಉಸಿರುಗಟ್ಟೀತೆಂಬ ಭಯ ಆ ಕಾಲದ ಅಧಿಕಾರಿಗಳಿಗೆ ಎಷ್ಟಿತ್ತೆಂದರೆ, 1908ರ ಮಕ್ಕಳ ಕಾಯಿದೆ ಕುಡಿದ ಅಮಲಿನಲ್ಲಿ ಕೂಸಿನ ಜತೆ ಮಲಗಿ ಅದರ ಸಾವಿಗೆ ಕಾರಣವಾಗುವುದನ್ನು ಶಿಕ್ಷಾರ್ಹವಾಗಿಸಿತು. ಬಡವರ ಮನೆಗೆ ದೊರೆತ ಪರಿಹಾರ ಬಾಳೆಹಣ್ಣಿನ ಪೆಟ್ಟಿಗೆ. ಹಣ್ಣು ತುಂಬಿ ಬರುತ್ತಿದ್ದ ಮರದ ಪೆಟ್ಟಿಗೆಗೆ ಗೋಣಿತಟ್ಟಿನ ತಳ ಕಟ್ಟಿ, ಹೊಟ್ಟು ತುಂಬಿದ ಚೀಲ ಹಾಸಿದರೆ ತೊಟ್ಟಿಲು ಸಿದ್ಧ. ಅದಕ್ಕೆ ಬೇರೆ ಕೋಣೆ ಬೇಡ, ಮಂಚದ ಪಕ್ಕದಲ್ಲಿ ಒಂದು ಮೊಳ ಜಾಗ ಸಾಕು. ಪೆಟ್ಟಿಗೆಯೇ ತೊಟ್ಟಿಲಾಗುವುದು ಬೇರೆಡೆಯೂ ಉಂಟು: ಫಿನ್ಲೆಂಡ್ ಸರ್ಕಾರ 1938ರಿಂದ ಬಡ ಬಾಣಂತಿಯರಿಗೆ ನೆರವು ಕೊಡಲಾರಂಭಿಸಿ, 1949ರಿಂದ ಅದನ್ನು ಎಲ್ಲ ತಾಯಂದಿರಿಗೂ ವಿಸ್ತರಿಸಿತು. ಆ ನೆರವಿನ ರಟ್ಟಿನ ಪೆಟ್ಟಿಗೆಯಲ್ಲಿ ಕೂಸಿನ ಬಟ್ಟೆಯ ಜತೆ ಪುಟ್ಟ ಹಾಸಿಗೆಯೂ ಇರುತ್ತದೆ. ಬಟ್ಟೆ ತೆಗೆದಿಟ್ಟರೆ ಪೆಟ್ಟಿಗೆಯೇ ಮಲಗುವ ಜಾಗ.

ಸಲಹೆ ಬರೆಯುವವರು ಮಾತ್ರ ಪ್ರತ್ಯೇಕ ಕೋಣೆಯ ಕಡೆಗೇ ನಡೆದರು. 1928ರಲ್ಲಿ ಮನೋವಿಜ್ಞಾನಿ ಜಾನ್ ವಾಟ್ಸನ್, ಮಕ್ಕಳನ್ನು ಮುದ್ದಿಸಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂದು ಬರೆದರು. ಅಮೆರಿಕದ ಚರಿತ್ರಕಾರ ಪೀಟರ್ ಸ್ಟರ್ನ್ಸ್ ಮತ್ತು ಸಂಗಡಿಗರು 1996ರ ಲೇಖನವೊಂದರಲ್ಲಿ ತೋರಿಸಿದಂತೆ, ಮಕ್ಕಳ ನಿದ್ದೆ ತಜ್ಞರು ಬಿಡಿಸಬೇಕಾದ 'ಸಮಸ್ಯೆ'ಯಾಗಿ ರೂಪುಗೊಂಡಿದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ. ಮಧ್ಯಮವರ್ಗದ ಮನೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದು ಕೋಣೆಗಳು ಹೆಚ್ಚಿದ ಕಾಲವೂ ಅದೇ. ತೂಗುವ ತೊಟ್ಟಿಲು ಹಿಂದೆ ಸರಿದು, ಅಲುಗಾಡದ ಕಟಕಟೆಯ ಮಂಚ ಬಂತು.

ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ ಹೋಲ್ಟ್, ವಾಟ್ಸನ್ ಇಬ್ಬರಿಗಿಂತ ಮೃದು ಮನಸ್ಸಿನವರು. 1946ರಲ್ಲಿ ಹೊರಬಂದು ಹಲವು ಆವೃತ್ತಿ ಕಂಡ ಅವರ ಪುಸ್ತಕದಲ್ಲೂ, ಮಲಗಲು ರಚ್ಚೆ ಹಿಡಿಯುವ ಕೂಸಿಗೆ ಪ್ರೀತಿಯಿಂದ ಶುಭರಾತ್ರಿ ಹೇಳಿ ಹೊರಬನ್ನಿ, ಮತ್ತೆ ಒಳಹೋಗಬೇಡಿ ಎಂಬ ಸಲಹೆ ಇದೆ. ಆದರೆ ಸ್ಪಾಕ್ ಒಂದು ಹೆಜ್ಜೆ ಮುಂದೆ ಹೋಗಿ, ಅಳು ಉಳಿದ ಮಕ್ಕಳನ್ನು ಎಬ್ಬಿಸೀತು, ನೆರೆಯವರು ಸಿಟ್ಟಾದಾರು ಎಂದು ಯೋಚಿಸಿದರು. ನೆಲಕ್ಕೆ ಜಮಖಾನೆಯನ್ನೋ ಕಂಬಳಿಯನ್ನೋ ಹಾಸಿ, ಕಿಟಕಿಗೂ ಒಂದು ಕಂಬಳಿ ಇಳಿಬಿಟ್ಟರೆ ಸದ್ದು ಸಾಕಷ್ಟು ತಗ್ಗುತ್ತದೆ ಎಂದು ಹೇಳಿಕೊಟ್ಟರು. ನಿಜವಾಗಿ ಇಕ್ಕಟ್ಟಿನ ಮನೆಯನ್ನು ಕಂಡವರಿಗೆ ಮಾತ್ರ ಹೊಳೆಯುವ ಉಪಾಯ ಇದು. ಆದರೂ ಕಂಬಳಿಯ ಈಚೆ ಕೂಸು, ಆಚೆ ಅಣ್ಣ ಅಕ್ಕಂದಿರು ಎಂಬ ಎರಡು ಕೋಣೆಗಳ ಲೆಕ್ಕ ಇಲ್ಲೂ ಉಳಿದಿದೆ.

1959ರಲ್ಲಿ ಸಿ. ಡಿ. ವಿಲಿಯಮ್ಸ್ ಎಂಬ ಮನೋವಿಜ್ಞಾನಿ ಪ್ರಕಟಿಸಿದ ಪುಟ್ಟ ವರದಿ ಅಳಲು ಬಿಡುವ ಈ ವಿಧಾನಕ್ಕೆ ಪ್ರಯೋಗದ ಬಲ ಕೊಟ್ಟಿತು. 21 ತಿಂಗಳ ಹುಡುಗ. ದೀರ್ಘ ಕಾಯಿಲೆಯಿಂದ ಚೇತರಿಸಿಕೊಂಡವನು. ಯಾರಾದರೂ ಪಕ್ಕದಲ್ಲಿ ಕೂತಿದ್ದರೆ ಮಾತ್ರ ಮಲಗುತ್ತಿದ್ದ. ಬಾಗಿಲು ಹಾಕಿ ಬಂದ ಮೊದಲ ಸಲ 45 ನಿಮಿಷ ಅತ್ತ; ಹತ್ತನೆಯ ಸಲಕ್ಕೆ ಕುಂಯ್ ಎನ್ನಲಿಲ್ಲ. ಒಂದು ವಾರದ ನಂತರ, ಅಪ್ಪ ಅಮ್ಮನ ಜತೆ ಸರದಿಯಲ್ಲಿ ಅವನನ್ನು ಮಲಗಿಸುತ್ತಿದ್ದ, ಹೆತ್ತವರಲ್ಲೊಬ್ಬರ ಸೋದರಿ ಒಮ್ಮೆ ಅವನು ಅತ್ತಾಗ ಒಳಹೋಗಿ ಪಕ್ಕದಲ್ಲಿ ಉಳಿದಳು. ಅಳು ಮರಳಿತು, ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ವಿಲಿಯಮ್ಸ್ ಇದನ್ನು ವಿಧಾನಕ್ಕೆ ಸಾಕ್ಷ್ಯವಾಗಿ ಬಳಸಿಕೊಂಡರು. ಅಜ್ಜಿ, ಅತ್ತೆ, ಅಕ್ಕ ಎಲ್ಲರೂ ಇರುವ ಮನೆಯಲ್ಲಿ ಬೆಳೆದ ಓದುಗರಿಗೆ ಮಾತ್ರ ಬೇರೊಂದು ಕಾಣುತ್ತದೆ: ಮನೆಯಲ್ಲಿ ಇನ್ನೊಬ್ಬರಿದ್ದರೆ ಈ ವಿಧಾನ ಅವರೊಬ್ಬರ ಮನಸ್ಸಿನ ಮೇಲೂ ನಿಂತಿರುತ್ತದೆ.

ಬಾಸ್ಟನ್ನಿನ ವೈದ್ಯ ರಿಚರ್ಡ್ ಫರ್ಬರ್ 1985ರಲ್ಲಿ, ಅಳುವ ಕೂಸಿನ ಬಳಿ ಹೋಗುವ ಮುನ್ನ ಕಾಯುವ ಹೊತ್ತನ್ನು ಹಂತಹಂತವಾಗಿ ಹೆಚ್ಚಿಸುವ ಕ್ರಮವನ್ನು ಜನಪ್ರಿಯಗೊಳಿಸಿದರು. ರಾತ್ರಿ ಎಲ್ಲ ಕೂಸುಗಳೂ ಆಗಾಗ ಎಚ್ಚರಗೊಳ್ಳುತ್ತವೆ. ಮಲಗುವಾಗ ಏನಿತ್ತೋ ಅದನ್ನೇ ಎದ್ದಾಗಲೂ ಹುಡುಕುತ್ತವೆ ಎಂಬುದು ಅವರ ವಿವರಣೆ. ಹೀಗೆ ಅಳಲು ಬಿಡುವುದರಿಂದ ಮಕ್ಕಳಿಗೆ ಕೇಡಾಗುತ್ತದೆಂಬ ಭಯಕ್ಕೆ ಈಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಮೆಲ್ಬರ್ನ್‌ನಲ್ಲಿ 326 ಮಕ್ಕಳನ್ನು ಐದು ವರ್ಷ ಹಿಂಬಾಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ದೀರ್ಘಕಾಲದ ಹಾನಿಯನ್ನೂ ಕಾಣಲಿಲ್ಲ, ದೀರ್ಘಕಾಲದ ಲಾಭವನ್ನೂ ಕಾಣಲಿಲ್ಲ.

ಹಾಗಾದರೆ ಒಟ್ಟಿಗೆ ಮಲಗುವುದು ಬರೀ ಜಾಗದ ಕೊರತೆಯ ಫಲವೇ? ಮಾನವಶಾಸ್ತ್ರಜ್ಞರಾದ ವಿಲಿಯಂ ಕಾಡಿಲ್ ಮತ್ತು ಡೇವಿಡ್ ಪ್ಲಾತ್ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಪಾನಿನ ನಗರಗಳ ಕುಟುಂಬಗಳನ್ನು ನೋಡಿ ಇದನ್ನೇ ಪರಿಶೀಲಿಸಿದರು. ಹೆಚ್ಚು ಕೋಣೆಗಳಿದ್ದ ಮನೆಗಳಲ್ಲೂ ಜನ ಒಂದೆಡೆ ಸೇರಿಯೇ ಮಲಗುತ್ತಿದ್ದರು. 1995ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಮಾನವಶಾಸ್ತ್ರಜ್ಞ ರಿಚರ್ಡ್ ಶ್ವೆಡರ್ ಮತ್ತು ಸಂಗಡಿಗರು ಭುವನೇಶ್ವರದವರಿಗೂ ಷಿಕಾಗೋದವರಿಗೂ ಒಂದೇ ಕಾಲ್ಪನಿಕ ಕುಟುಂಬವನ್ನು ಕೊಟ್ಟು, ಇಷ್ಟು ಕೋಣೆಗಳಲ್ಲಿ ಇವರನ್ನು ಹೇಗೆ ಮಲಗಿಸುತ್ತೀರಿ ಎಂದು ಕೇಳಿದರು. ಷಿಕಾಗೋದವರಿಗೆ ಗಂಡಹೆಂಡಿರ ಏಕಾಂತ ಮುಖ್ಯ. ಭುವನೇಶ್ವರದವರಿಗೆ ಎಳೆಯ ಮಕ್ಕಳು ಒಂಟಿಯಾಗಬಾರದೆಂಬುದು ಮುಖ್ಯ.

ಇತ್ತೀಚೆಗೆ ವೈದ್ಯಕೀಯವೂ ಅರ್ಧದಾರಿ ಮರಳಿ ಬಂದಿದೆ. ಕೂಸು ಕನಿಷ್ಠ ಆರು ತಿಂಗಳು ಹೆತ್ತವರ ಕೋಣೆಯಲ್ಲೇ, ಆದರೆ ಗಟ್ಟಿ ಹಾಸಿನ ತನ್ನದೇ ಜಾಗದಲ್ಲಿ, ಅಂಗಾತ ಮಲಗಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಹಸುಗೂಸನ್ನು ಅಣ್ಣ ಅಕ್ಕಂದಿರ ಹಾಸಿಗೆಯಲ್ಲಿ ಮಲಗಿಸುವುದು ಅಪಾಯ ಎಂದೂ ಅದು ಎಚ್ಚರಿಸುತ್ತದೆ. ಒಂದೇ ಕೋಣೆ, ಬೇರೆ ಹಾಸಿಗೆ: ಲ್ಯಾಂಬೆತ್‌ನ ಬಾಳೆಹಣ್ಣಿನ ಪೆಟ್ಟಿಗೆ ಮಾಡಿದ್ದೂ ಇದನ್ನೇ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಪ್ರತಿ ನೂರು ಕುಟುಂಬಗಳಲ್ಲಿ ಸುಮಾರು 37 ಕುಟುಂಬಗಳಿಗೆ ಇದ್ದುದು ಒಂದೇ ಕೋಣೆ. ಬಾಗಿಲು ಹಾಕಿ ಹೊರಬನ್ನಿ ಎಂಬ ಸಲಹೆ ಅವರ ಪಾಲಿಗೆ ಸಲಹೆಯೇ ಅಲ್ಲ. ಕನ್ನಡದಲ್ಲಿ ಮಕ್ಕಳ ನಿದ್ದೆಯ ಬಗ್ಗೆ ಬರೆಯುವ ವೈದ್ಯರೂ ಅಂಕಣಕಾರರೂ ಅಮೆರಿಕದ ಕ್ರಮವನ್ನು ಒಪ್ಪಿಸುವ ಮೊದಲು ದಯವಿಟ್ಟು ಇಷ್ಟನ್ನು ಕೇಳಿಕೊಳ್ಳಲಿ: ಮನೆಯಲ್ಲಿ ಎಷ್ಟು ಕೋಣೆ, ಕೂಸಿನ ಮಗ್ಗುಲಲ್ಲಿ ಯಾರು ಮಲಗುತ್ತಾರೆ, ಬೆಳಿಗ್ಗೆ ಎದ್ದು ಶಾಲೆಗೆ ಹೋಗಬೇಕಾದವರು ಎಷ್ಟು ಮಂದಿ.