ಕುಮಟೆಯ ಅರಳೆಯೂ ಗುಣೋತ್ಕರ್ಷದ ಪಾರಿತೋಷಕವೂ

ಭಟ್ಕಳದ ಮಗ್ಗುಲಲ್ಲಿರುವ ಮುಟ್ಟಳ್ಳಿಯಿಂದ ಹೊರಟು, ಹೊನ್ನಾವರವನ್ನು ದಾಟಿ, ಕುಮಟೆಯವರೆಗೆ ಕಡಲ ತಡಿಯನ್ನು ಹಿಡಿದು ಹೋಗುವವನಿಗೆ ತೆಂಗು, ಅಡಕೆ, ಬತ್ತದ ಗದ್ದೆಗಳು ಕಾಣುವುವಲ್ಲದೆ ಹತ್ತಿಯ ಹೊಲವು ಕಾಣದು. ಹಾಗಿದ್ದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಲಿವರ್‌ಪೂಲಿನ ಪೇಟೆಯ ದರಪಟ್ಟಿಗಳಲ್ಲಿ ‘ಕುಮಟಾ’ ಎಂಬುದು ಅರಳೆಯ ಒಂದು ಜಾತಿಯ ಹೆಸರಾಗಿತ್ತು. ಧಾರವಾಡ, ಹುಬ್ಬಳ್ಳಿ, ಗದಗುಗಳ ಎರೆಯ ನೆಲದಲ್ಲಿ ಬೆಳೆದ ಅರಳೆಯು ಎತ್ತಿನ ಬೆನ್ನಿನ ಮೇಲೂ ಬಂಡಿಗಳಲ್ಲಿಯೂ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಬಂದು, ಅಲ್ಲಿಂದ ಪತ್ತೆಮಾರಿಗಳನ್ನೇರಿ ಮುಂಬಯಿಗೂ ಮುಂಬಯಿಯಿಂದ ವಿಲಾಯತಿಗೂ ಹೋಗುತ್ತಿತ್ತು. ಬೆಳೆದ ಊರಿನ ಹೆಸರು ಹಿಂದೆಯೇ ಉಳಿದು, ಹಡಗನ್ನೇರಿದ ಊರಿನ ಹೆಸರು ಸಮುದ್ರವನ್ನು ದಾಟಿತು.

ಇಂತಹ ಹೆಸರೆಂದರೆ ಊರಿಗೆ ದೊರೆತ ಸೊತ್ತೇ ಸರಿ. ಆದರೆ ಅದನ್ನು ಕಾಯುವ ಹೊಣೆ ಯಾರದೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ. 1861ರಲ್ಲಿ ಅಮೇರಿಕದ ಸಂಸ್ಥಾನಗಳಲ್ಲಿ ಅಂತಃಕಲಹವುಂಟಾಗಿ ಅಲ್ಲಿಯ ಬಂದರಗಳು ಮುಚ್ಚಲು, ಮ್ಯಾಂಚೆಸ್ಟರಿನ ಗಿರಣಿಗಳು ಹಿಂದುಸ್ತಾನದ ಅರಳೆಗಾಗಿ ಬಾಯ್ದೆರೆದವು. ಬೆಲೆಯು ಏರಿತು, ಬೆಲೆಯೊಡನೆ ಮೋಸವೂ ಏರಿತು. ಬೀಜ, ಎಲೆ, ಮಣ್ಣು ಮೂಟೆಯೊಳಗೆ ಸೇರಿದವು. ತೂಕಕ್ಕಾಗಿ ನೀರನ್ನು ಚಿಮುಕಿಸಿದರು. ಧಾರವಾಡ ಪ್ರಾಂತದಲ್ಲಿ ನೆಲೆಗೊಂಡಿದ್ದ ಅಮೇರಿಕದ ಉದ್ದನೆಯ ಎಳೆಯ ಅರಳೆಯೊಡನೆ ದೇಶೀ ಗಿಡ್ಡ ಎಳೆಯನ್ನು ಬೆರೆಸಿದರು. ಒಕ್ಕಲಿಗನನ್ನೇ ಇದಕ್ಕೆ ದೂರುವುದು ನ್ಯಾಯವಲ್ಲ. ದಲಾಲನು ತೂಕ ನೋಡಿ ಹಣ ಕೊಡುತ್ತಿದ್ದನೇ ಹೊರತು ಶುದ್ಧತೆಯನ್ನು ನೋಡಿ ಕೊಡುತ್ತಿರಲಿಲ್ಲ. ಮನೆಮಂದಿಯೆಲ್ಲ ಕೂಡಿ ಕಸವನ್ನು ಆರಿಸಿ ಹಸನುಮಾಡಿ ತಂದ ಅರಳೆಗೂ ನೆರೆಯವನ ಹೊಲಸು ಅರಳೆಗೂ ಒಂದೇ ದರವಾದರೆ, ಆರಿಸುವ ಶ್ರಮವನ್ನು ಯಾರು ಪಡುವರು?

ಸರಕಾರಕ್ಕೆ ತಿಳಿದ ಉಪಾಯವೆಂದರೆ ದಂಡವೊಂದೇ. ಅರಳೆಯ ಮೋಸವನ್ನು ತಡೆಯಲು ಮುಂಬಯಿ ಇಲಾಖೆಯಲ್ಲಿ 1829ರಷ್ಟು ಹಿಂದೆಯೇ ಒಂದು ಕಾಯಿದೆಯಾಗಿತ್ತು. ಉತ್ತರ ಕನ್ನಡ ಜಿಲ್ಲೆಯು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿದುದು 1862ರಲ್ಲಿ. ಅದರ ಮರುವರ್ಷವೇ, ಎಂದರೆ 1863ರಲ್ಲಿ, ಇನ್ನೂ ಬಿಗಿಯಾದ ಶಾಸನವು ಬಂದಿತು. ತಪಾಸಣೆಯ ಅಧಿಕಾರಿಗಳು ನೇಮಿಸಲ್ಪಟ್ಟರು. ಅವರ ವೆಚ್ಚಕ್ಕೆಂದು ಅರಳೆಯ ಮೇಲೆಯೇ ಕರವು ಬಿದ್ದಿತು. ಆದರೆ ದಂಡದ ಭಯವು ಮೋಸವನ್ನು ಅಡಗಿಸಿಡುವುದನ್ನು ಕಲಿಸಬಲ್ಲುದು. ಒಳ್ಳೆಯದನ್ನು ಮಾಡುವ ಆಸೆಯನ್ನು ಹುಟ್ಟಿಸಲಾರದು. ವರ್ತಕರ ಆಕ್ಷೇಪಣೆಗಳ ನಡುವೆ ಕೆಲವು ಕಾಲ ನಡೆದು ಆ ಶಾಸನವು ಕಡೆಗೆ ರದ್ದಾಯಿತು.

ಈ ವಿಷಯದಲ್ಲಿ ಪ್ರಾಚೀನರ ನೋಟವು ಹೆಚ್ಚು ವಿಶಾಲವಾಗಿತ್ತು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ನೀಡಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸರಕಿಗೆ ಬೆರಕೆ ಮಾಡಿದವನಿಗೆ ಹನ್ನೆರಡು ಪಣದ ದಂಡವು ಹೇಳಲ್ಪಟ್ಟಿದೆ, ನಿಜ. ಆದರೆ ಅದೇ ಗ್ರಂಥದ ಸೂತ್ರಾಧ್ಯಕ್ಷಪ್ರಕರಣದಲ್ಲಿ, ನೂಲಿನ ನಯ, ಒರಟು, ಮಧ್ಯಮಗಳನ್ನು ನೋಡಿ ಕೂಲಿಯನ್ನು ಗೊತ್ತುಮಾಡಬೇಕೆಂದೂ, ಕೆಲಸವನ್ನು ಅರಿತು ನೂಲುವವರಿಗೆ ಎಣ್ಣೆ, ನೆಲ್ಲಿಯ ಲೇಪಗಳನ್ನು ಕೊಟ್ಟು ಅನುಗ್ರಹಿಸಬೇಕೆಂದೂ, ನೆಯ್ಯುವವರನ್ನು ಗಂಧಮಾಲ್ಯಾದಿಗಳಿಂದ ಸಂತೋಷಪಡಿಸಬೇಕೆಂದೂ ವಿಧಿಸಿದೆ. ದಂಡಕ್ಕೆ ಹೆಸರಾದ ಕೌಟಿಲ್ಯನಿಗೂ ನಯವಾದ ನೂಲು ದಂಡದಿಂದ ಹುಟ್ಟದೆಂಬುದು ಗೊತ್ತಿತ್ತು!

ಒಬ್ಬ ಕುಶಲಕರ್ಮಿಗೆ ಸಲ್ಲುತ್ತಿದ್ದ ಈ ಮರ್ಯಾದೆಯನ್ನು ಇಡಿಯ ಉದ್ಯಮಸಂಸ್ಥೆಗೆ ಅನ್ವಯಿಸಿದ ಮಹಾಪ್ರಯೋಗವು ಜಪಾನಿನಲ್ಲಿ ನಡೆಯಿತು. ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಆ ದೇಶಕ್ಕೆ 1950ರಲ್ಲಿ ಅಮೇರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗನು ಬಂದು ಉಪನ್ಯಾಸಗಳನ್ನು ಮಾಡಿದನು. ಅವುಗಳ ಪುಸ್ತಕದಿಂದ ಬಂದ ಗೌರವಧನವನ್ನು ತಾನು ಇಟ್ಟುಕೊಳ್ಳದೆ ಅಲ್ಲಿಯ ವಿಜ್ಞಾನಿ-ಯಂತ್ರಶಿಲ್ಪಿಗಳ ಸಂಘಕ್ಕೇ ಬಿಡಲು, ಆ ಸಂಘವು 1951ರಲ್ಲಿ ಅವನ ಹೆಸರಿನ ಪಾರಿತೋಷಕವನ್ನು ಸ್ಥಾಪಿಸಿತು. ಕೆಲವು ದಶಕಗಳಲ್ಲಿ ಜಪಾನಿನ ಸರಕು ಅಮೇರಿಕದ ಪೇಟೆಯನ್ನು ತುಂಬಿತು. ಆಗ ಅಮೇರಿಕದವರು ಎಚ್ಚತ್ತು, 1987ರಲ್ಲಿ ಅದೇ ವರ್ಷ ತೀರಿಕೊಂಡ ವಾಣಿಜ್ಯಮಂತ್ರಿ ಮಾಲ್ಕಮ್ ಬಾಲ್ಡ್ರಿಜನ ಹೆಸರಿನಲ್ಲಿ ರಾಷ್ಟ್ರೀಯ ಪಾರಿತೋಷಕವೊಂದನ್ನು ಶಾಸನದ ಮೂಲಕವೇ ಏರ್ಪಡಿಸಿದರು. ತಮ್ಮವನೇ ಹೇಳಿದ ಮಾತನ್ನು ಪರದೇಶವನ್ನು ಸುತ್ತಿಬಂದ ಮೇಲೆ ಕೇಳಿದಂತಾಯಿತು.

ಭಾರತದಲ್ಲಿ ಮೊದಲು ಬಂದುದು ಮುದ್ರೆ, ಆಮೇಲೆ ಬಂದುದು ಪಾರಿತೋಷಕ. 1947ರಲ್ಲಿ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯು 1955ರ ಸುಮಾರಿಗೆ ಸರಕಿನ ಮೇಲೆ ಐಎಸ್‌ಐ ಮುದ್ರೆಯನ್ನು ಕೊಡತೊಡಗಿತು. ಮುದ್ರೆಯು ‘ಇದಕ್ಕಿಂತ ಕೀಳಲ್ಲ’ ಎಂದಷ್ಟೇ ಹೇಳುವುದು. ‘ಇದಕ್ಕಿಂತ ಮೇಲಕ್ಕೆ ಹೋಗು’ ಎಂದು ಹೇಳದು. ಆ ಕೊರತೆಯನ್ನು ತುಂಬಲೆಂದು ಅದರ ಉತ್ತರಾಧಿಕಾರಿಯಾದ ಭಾರತೀಯ ಮಾನಕ ಬ್ಯೂರೋ 1991ರಲ್ಲಿ ರಾಜೀವ ಗಾಂಧಿ ರಾಷ್ಟ್ರೀಯ ಗುಣಮಟ್ಟ ಪಾರಿತೋಷಕವನ್ನು ಸ್ಥಾಪಿಸಿತು. ದೊಡ್ಡ ಕಾರಖಾನೆಗಳಿಗೆ ಬೇರೆ, ಸಣ್ಣ ಕೈಗಾರಿಕೆಗಳಿಗೆ ಬೇರೆ, ಸೇವಾಸಂಸ್ಥೆಗಳಿಗೆ ಬೇರೆ ವರ್ಗಗಳನ್ನಿಟ್ಟುದು ಮೆಚ್ಚತಕ್ಕ ವಿವೇಕ. ಡೆಮಿಂಗ್ ಪಾರಿತೋಷಕವು ಭಾರತಕ್ಕೆ ಮೊದಲು ಬಂದುದು 1998ರಲ್ಲಿ, ಮದರಾಸಿನ ಸುಂದರಂ-ಕ್ಲೇಟನ್ ಸಂಸ್ಥೆಯ ಬ್ರೇಕು ವಿಭಾಗಕ್ಕೆ. 2002ರಲ್ಲಿ ಕನ್ನಡದ ಗಡಿಯಲ್ಲಿರುವ ಹೊಸೂರಿನ ಟಿವಿಎಸ್ ಮೋಟರ್ ಸಂಸ್ಥೆಗೆ.

ಈ ಪಾರಿತೋಷಕಗಳ ಸಾರವು ಪದಕದಲ್ಲಿಲ್ಲ. ಪರೀಕ್ಷಕರು ಕೇವಲ ಸರಕನ್ನು ತೂಗಿ ನೋಡುವುದಿಲ್ಲ. ಯಜಮಾನನ ಧೋರಣೆ, ಕೆಲಸಗಾರರ ತೃಪ್ತಿ, ಗ್ರಾಹಕರ ತೃಪ್ತಿ, ಕೆಲಸದ ಕ್ರಮ, ಸಮಾಜಕ್ಕಾದ ಹಿತ ಎಲ್ಲವನ್ನೂ ಕೇಳುವರು. ಅರ್ಜಿ ಬರೆಯಹೊರಟ ಯಜಮಾನನು ಮೊದಲು ತನ್ನ ಮನೆಯ ಅಟ್ಟವನ್ನು ತಾನೇ ಹತ್ತಿ ನೋಡಬೇಕಾಗುವುದು. ಬಾಲ್ಡ್ರಿಜ್ ಪದ್ಧತಿಯಲ್ಲಿ ಪದಕವು ದೊರೆಯದವನಿಗೂ ಅವನ ಗುಣದೋಷಗಳ ವಿವರವು ಬರವಣಿಗೆಯಲ್ಲಿ ದೊರೆಯುವುದು. ತಪಾಸಣೆಯ ಅಧಿಕಾರಿಗೆ ದೋಷವನ್ನು ಮುಚ್ಚಿಡುವ ವರ್ತಕನೇ ಇಲ್ಲಿ ಪರೀಕ್ಷಕನ ಮುಂದೆ ಅದನ್ನು ತಾನಾಗಿ ತೆರೆದಿಡುವನು. 1863ರ ಶಾಸನದಿಂದ ಆಗದ ಕೆಲಸವಿದು.

ಹಾಗೆಂದು ಇದು ರಕ್ಷೆಯ ತಾಯಿತವಲ್ಲ. 1990ರಲ್ಲಿ ಬಾಲ್ಡ್ರಿಜ್ ಪಾರಿತೋಷಕವನ್ನು ಗೆದ್ದ ಹ್ಯೂಸ್ಟನ್ನಿನ ವಾಲೇಸ್ ಕಂಪನಿಯು 1992ರಲ್ಲಿ ದಿವಾಳಿ ಅರ್ಜಿಯನ್ನು ಹಾಕಿಕೊಂಡಿತು. ಜಪಾನಿನ ಹೊರಗೆ ಮೊದಲು, 1989ರಲ್ಲಿ, ಡೆಮಿಂಗ್ ಪಾರಿತೋಷಕವನ್ನು ಪಡೆದ ಫ್ಲಾರಿಡಾದ ವಿದ್ಯುತ್ ಸಂಸ್ಥೆಯಲ್ಲಿ, ಪದಕದ ಸಿದ್ಧತೆಯ ಕಾಗದಪತ್ರಗಳ ಹೊರೆಗೆ ನೌಕರರು ಬೇಸತ್ತಿರಲು, ಹೊಸ ಅಧ್ಯಕ್ಷನು ಬಂದು ಆ ಏರ್ಪಾಡಿನ ಬಹುಭಾಗವನ್ನು ಕಿತ್ತುಹಾಕಿದನು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಪಾಠವು ಪರೀಕ್ಷೆಯ ಮರುದಿನ ಮರೆಯುವುದು ಪಾಠಶಾಲೆಗಳಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ.

ಇನ್ನು ಕುಮಟೆಯ ಅರಳೆಯ ಕಥೆ. ಅಂದಿನ ಅರಳೆಯಲ್ಲಿ ಅರ್ಜಿ ಹಾಕಲು ಯಜಮಾನನೊಬ್ಬನು ಇರಲಿಲ್ಲ. ಒಕ್ಕಲಿಗ, ದಲಾಲ, ಬಂಡಿಯವ, ಬಂದರದ ಸಾಹುಕಾರ, ಹೀಗೆ ನೂರು ಕೈಗಳಿದ್ದವು. 1888ರಲ್ಲಿ ಮುರಗಾಂವ ಬಂದರಕ್ಕೆ ಘಟ್ಟದ ಮೇಲಿನಿಂದ ರೈಲು ಹಾಯಲು ಅರಳೆಯು ಆ ದಾರಿಯನ್ನು ಹಿಡಿಯಿತು. ಕುಮಟೆಯ ಬಂದರವು ಬರಿದಾಯಿತು. ಹೆಸರು ಮಾತ್ರ ಘಟ್ಟದ ಮೇಲೆ ಉಳಿಯಿತು: ಧಾರವಾಡದ ಸರಕಾರೀ ಕೃಷಿಕ್ಷೇತ್ರದವರು ಆ ದೇಶೀ ಹತ್ತಿಯನ್ನು ‘ಕುಮಟಾ’ ಎಂದೇ ಕರೆದು ಅದರೊಳಗಿನ ಉತ್ತಮ ತಳಿಗಳನ್ನು ಆರಿಸಿ ಬೆಳೆಸಿದರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಹುಬ್ಬಳ್ಳಿ ಗದಗುಗಳಲ್ಲಿ ಹತ್ತಿ ಮಾರಾಟದ ಸಹಕಾರೀ ಸಂಘಗಳು ಹುಟ್ಟಿಕೊಂಡವು. ಒಕ್ಕಲಿಗರು ತಂದ ಹತ್ತಿಯನ್ನು ದರ್ಜೆ ನೋಡಿ ವಿಂಗಡಿಸಿ ಲಿಲಾವಿಗೆ ಇಡುವ ಪದ್ಧತಿಯು ಅಲ್ಲಿ ಬೇರೂರಿತು. ಹಸನಾದ ಹತ್ತಿಗೆ ಹೆಚ್ಚಿನ ದರವು ಆ ಕಟ್ಟೆಯ ಮೇಲೆ ಅವರ ಕೈಗೇ ಬಂದಿತು.